ಹಳೇ ರಾಜಾ, ಹೊಸ ರಾಜಾ

ಒಂದು ಸಣ್ಣ ಪರೀಕ್ಷೆ ಮಾಡೋಣ. ಇಳಯರಾಜ ಅವರ ಹಾಡುಗಳಲ್ಲಿ ನಿಮಗೆ ತುಂಬಾ ಇಷ್ಟವಾದ ಹತ್ತನ್ನು ಒಂದು ಚೀಟಿಯಲ್ಲಿ ಬರೆಯಿರಿ. ಬರೆದಾಯ್ತಾ? ಈಗ ಪ್ರತಿ ಹಾಡಿನ ಮುಂದೆ ಅದರ ಇಸವಿ ಹಾಕಿ. ಬೇಕಿದ್ರೆ ಬೆಟ್ ಕಟ್ತೀನಿ, ಹತ್ತರಲ್ಲಿ ಎಂಟೊಂಬತ್ತು 1992ಕ್ಕಿಂತ ಹಿಂದಿನವೇ ಆಗಿರುತ್ತವೆ. ಕನ್ನಡದವರ ಚೀಟಿಯಲ್ಲಿ ‘ಗೀತಾ’ ಇರುತ್ತೆ, ‘ಪಲ್ಲವಿ ಅನುಪಲ್ಲವಿ’ ಇರುತ್ತೆ, ಅಣ್ಣಾವ್ರು ಹಾಡಿದ ‘ನೀ ನನ್ನ ಗೆಲ್ಲಲಾರೆ’ ಇದ್ದೇ ಇರುತ್ತೆ. ಕೊನೆಗೆ ಜಾಗ ಉಳಿದರೆ ‘ನಮ್ಮೂರ ಮಂದಾರ ಹೂವೇ’ ಅಥವಾ ‘ಆ ದಿನಗಳು’. ಅಲ್ಲಿಗೆ ಮುಗೀತು.

ಈ ಚೀಟಿಯೇ ಒಂದು ದೊಡ್ಡ ಜಗಳದ ಮೂಲ. ಮೂವತ್ತು ವರ್ಷ ದಾಟಿದರೂ ಮುಗಿಯದ ಜಗಳ. ‘ಹಳೇ ರಾಜಾ’ ದೊಡ್ಡವರೋ, ‘ಹೊಸ ರಾಜಾ’ ದೊಡ್ಡವರೋ? ಒಬ್ಬರೇ ಮನುಷ್ಯ. ಅವರನ್ನು ಇಬ್ಬರನ್ನಾಗಿ ಮಾಡಿ, ಒಬ್ಬರ ಮೇಲೆ ಇನ್ನೊಬ್ಬರನ್ನು ಎತ್ತಿಕಟ್ಟಿದವರು ಅವರ ವೈರಿಗಳಲ್ಲ, ಅಭಿಮಾನಿಗಳು!

2025ರ ಮಾರ್ಚ್ 8ರಂದು ಲಂಡನ್ನಿನ ಈವೆಂಟಿಮ್ ಅಪೊಲೊ ಸಭಾಂಗಣದಲ್ಲಿ ಇಳಯರಾಜ ಅವರ ‘ವೇಲಿಯಂಟ್’ ಸಿಂಫನಿ ಮೊದಲ ಸಲ ನುಡಿಯಿತು. ಆಗ ಅವರಿಗೆ 81 ವರ್ಷ. ಆ ವಾರ ನಮ್ಮ ನ್ಯೂಸ್ ರೂಮಿನಲ್ಲೂ ಇದೇ ಜಗಳ. ಡೆಸ್ಕಿನ ಹಿರಿಯರೊಬ್ಬರು, “ಸಿಂಫನಿ ಎಲ್ಲಾ ಸರಿ ಸ್ವಾಮಿ, ಆದ್ರೆ ಕೊನೇ ಒಳ್ಳೇ ಹಾಡು ಕೊಟ್ಟು ಎಷ್ಟು ವರ್ಷ ಆಯ್ತು?” ಅಂದರು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗ ಬಿಡಲಿಲ್ಲ. “ಸರ್, ನೀವು ‘ವಿಡುದಲೈ’ ಕೇಳಿದ್ದೀರಾ?” ಅಂತ ಕೇಳಿದ. ಇವರು ಕೇಳಿರಲಿಲ್ಲ. ಕೇಳದೆಯೇ ತೀರ್ಪು ಕೊಟ್ಟಿದ್ದರು. ಈ ಜಗಳ ಹೆಚ್ಚಾಗಿ ನಡೆಯುವುದೇ ಹೀಗೆ.

ಹಾಗಾಗಿ ಸ್ವಲ್ಪ ಚರಿತ್ರೆ ನೋಡೋಣ. ಈ ಚರಿತ್ರೆಯಲ್ಲಿ ನಮ್ಮ ಪಾಲೂ ಇದೆ.

ಇಳಯರಾಜ ಹುಟ್ಟಿದ್ದು 1943ರಲ್ಲಿ, ಇಂದಿನ ತೇನಿ ಜಿಲ್ಲೆಯ ಪಣ್ಣೈಪುರಂ ಎಂಬ ಹಳ್ಳಿಯಲ್ಲಿ. ಅಣ್ಣ ಪಾವಲರ್ ವರದರಾಜನ್ ಕಮ್ಯುನಿಸ್ಟ್ ಪಕ್ಷದ ಸಭೆಗಳಲ್ಲಿ ಹಾಡುತ್ತಿದ್ದವರು. ಅಣ್ಣನ ತಂಡದ ಜೊತೆ ಊರೂರು ಸುತ್ತಿದ ಹುಡುಗ 1968ರ ಹೊತ್ತಿಗೆ ಮದ್ರಾಸು ಸೇರಿದ. ಧನರಾಜ್ ಮಾಸ್ಟರ್ ಹತ್ತಿರ ಪಾಶ್ಚಾತ್ಯ ಸಂಗೀತ ಕಲಿತ. ಬಾಖ್, ಬೀಥೋವನ್, ಸ್ಟಾಫ್ ನೊಟೇಶನ್ ಎಲ್ಲಾ ಅಲ್ಲೇ. ಆಮೇಲೆ ಕೆಲಸಕ್ಕೆ ಸೇರಿದ್ದು ಯಾರ ಹತ್ತಿರ ಗೊತ್ತಾ? ನಮ್ಮ ಜಿ.ಕೆ. ವೆಂಕಟೇಶ್ ಹತ್ತಿರ. ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ ಚಿತ್ರಗಳ ಸಂಗೀತ ಕೊಟ್ಟ ಅದೇ ವೆಂಕಟೇಶ್. ಅವರು ರಾಗದ ಗೆರೆ ಹಾಕಿಕೊಟ್ಟರೆ, ಅದಕ್ಕೆ ವಾದ್ಯಗಳ ಬಣ್ಣ ತುಂಬುವ ಕೆಲಸ ಈ ಸಹಾಯಕನದ್ದು. ಆ ಚಿತ್ರಗಳಲ್ಲಿ ಹೆಚ್ಚಿನವು ಕನ್ನಡದವು. ಅಂದ್ರೆ, 1976ರಲ್ಲಿ ‘ಅನ್ನಕ್ಕಿಳಿ’ ಬಂದು ತಮಿಳುನಾಡು ಹುಚ್ಚೆದ್ದು ಕುಣಿಯುವ ಮೊದಲೇ ಕನ್ನಡದ ಕಿವಿ ಈ ಕೈಚಳಕವನ್ನು ಹೆಸರು ತಿಳಿಯದೆ ಕೇಳಿತ್ತು. ಇದನ್ನು ನಾವು ಹೇಳಿಕೊಳ್ಳುವುದು ಕಡಿಮೆ. ಹೇಳಿಕೊಳ್ಳಬೇಕು.

ಮುಂದಿನದ್ದು ನಿಮಗೆ ಗೊತ್ತಿರುವ ಕಥೆ. ಶಂಕರ್‌ನಾಗ್ ‘ಜನ್ಮ ಜನ್ಮದ ಅನುಬಂಧ’ಕ್ಕೆ ಕರೆದರು, ‘ಗೀತಾ’ಕ್ಕೆ ಕರೆದರು, ‘ಆಕ್ಸಿಡೆಂಟ್’ಗೂ ಕರೆದರು. ಮಣಿರತ್ನಂ ಅನ್ನುವ ಹೊಸ ಹುಡುಗ 1983ರಲ್ಲಿ ತನ್ನ ಮೊದಲ ಚಿತ್ರವನ್ನು ಕನ್ನಡದಲ್ಲಿ ಮಾಡಿದಾಗಲೂ ಸಂಗೀತ ಇವರದ್ದೇ.

ಆದರೆ ಆ ಹಾಡುಗಳು ಹುಟ್ಟುತ್ತಿದ್ದ ರೀತಿ ನೋಡಿ, ಅಲ್ಲಿದೆ ವಿಷಯ. ಬೆಳಿಗ್ಗೆ ಏಳಕ್ಕೆಲ್ಲ ಸ್ಟುಡಿಯೋ. ನಿರ್ದೇಶಕರು ಸನ್ನಿವೇಶ ಹೇಳಬೇಕು. ಇವರು ಕೂತು ನೇರವಾಗಿ ಕಾಗದದ ಮೇಲೆ ಸ್ವರ ಬರೆಯುವುದು. ವಯಲಿನ್‌ಗೆ ಬೇರೆ, ಕೊಳಲಿಗೆ ಬೇರೆ, ಬೇಸ್ ಗಿಟಾರ್‌ಗೆ ಬೇರೆ. ಆ ಹಾಳೆಗಳನ್ನು ಸಹಾಯಕರು ನಕಲು ಮಾಡಿ ವಾದಕರಿಗೆ ಹಂಚುವುದು. ಒಂದೆರಡು ರಿಹರ್ಸಲ್. ಆಮೇಲೆ ಎಲ್ಲರೂ ಒಟ್ಟಿಗೆ ಕೂತು ನುಡಿಸಬೇಕು, ಗಾಯಕರು ಜೊತೆಯಲ್ಲೇ ಹಾಡಬೇಕು, ಒಬ್ಬ ತಪ್ಪಿದರೆ ಎಲ್ಲರೂ ಮತ್ತೆ ಮೊದಲಿನಿಂದ. ಹೀಗೆ ಎಂಬತ್ತರ ದಶಕದ ಕೆಲವು ವರ್ಷಗಳಲ್ಲಿ ವರ್ಷಕ್ಕೆ ನಲವತ್ತಕ್ಕೂ ಹೆಚ್ಚು ಚಿತ್ರ! ಎಸ್‌ಪಿಬಿ, ಜಾನಕಿಯಮ್ಮ, ಯೇಸುದಾಸ್, ಚಿತ್ರಾ ಕಂಠ ಕೊಡಲು ಸಿದ್ಧ. ಗಿಟಾರ್‌ಗೆ ಸದಾನಂದಂ, ಡ್ರಮ್ಸ್‌ಗೆ ಪುರುಷೋತ್ತಮನ್, ಕೀಬೋರ್ಡ್‌ಗೆ ವಿಜಿ ಮ್ಯಾನುಯೆಲ್. ‘ಹಳೇ ರಾಜಾ’ ಅಂತ ನಾವು ಕರೆಯುವುದು ಒಬ್ಬ ಮನುಷ್ಯನನ್ನಲ್ಲ ಸ್ವಾಮಿ, ಇಡೀ ಒಂದು ಕಾರ್ಖಾನೆಯನ್ನು. ಆ ಕಾರ್ಖಾನೆಯ ಯಜಮಾನರು ಇವರಾಗಿದ್ದರು, ಅಷ್ಟೇ.

ಈಗ 1992ಕ್ಕೆ ಬರೋಣ. ಮಣಿರತ್ನಂ ‘ದಳಪತಿ’ವರೆಗೆ ಇಳಯರಾಜ ಜೊತೆಗಿದ್ದವರು, ‘ರೋಜಾ’ಗೆ ಎ.ಆರ್. ರೆಹಮಾನ್‌ರನ್ನು ಕರೆತಂದರು. ರೆಹಮಾನ್ ಹೊರಗಿನವರೇನಲ್ಲ, ಇಳಯರಾಜ ಅವರ ತಂಡದಲ್ಲಿ ಕೀಬೋರ್ಡ್ ನುಡಿಸಿದ್ದ ಹುಡುಗ. ಆ ವರ್ಷದ ರಾಷ್ಟ್ರಪ್ರಶಸ್ತಿಯ ಕಣದಲ್ಲಿ ಎದುರುಬದುರಾದದ್ದು ಇಳಯರಾಜ ಅವರ ‘ದೇವರ್ ಮಗನ್’ ಮತ್ತು ರೆಹಮಾನ್ ಅವರ ‘ರೋಜಾ’. ತೀರ್ಪುಗಾರರ ಮತ ಸಮಸಮ. ಅಧ್ಯಕ್ಷರಾಗಿದ್ದವರು ಬಾಲು ಮಹೇಂದ್ರ. ಕನ್ನಡದ ‘ಕೋಕಿಲ’ದಿಂದ ನಿರ್ದೇಶಕರಾದವರು, ಇಳಯರಾಜ ಅವರ ನೂರನೇ ಚಿತ್ರ ‘ಮೂಡುಪನಿ’ಯನ್ನು ನಿರ್ದೇಶಿಸಿದವರು, ಆಪ್ತ ಗೆಳೆಯರು. ಅವರು ತಮ್ಮ ನಿರ್ಣಾಯಕ ಮತವನ್ನು ಹಾಕಿದ್ದು ‘ರೋಜಾ’ಗೆ. ಮೊದಲ ಚಿತ್ರದಲ್ಲೇ ಹಿರಿಯರ ಎದುರು ಸಮನಾಗಿ ನಿಂತವನಿಗೆ ಆ ಗೌರವ ಸಲ್ಲಬೇಕು ಅನ್ನುವುದು ಅವರ ಲೆಕ್ಕ. ಇದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಹಾಗಂತ ಗೆಳೆತನ ಮುರೀತಾ? ಇಲ್ಲ. ಬಾಲು ಮಹೇಂದ್ರ ಅವರ ಕೊನೆಯ ಚಿತ್ರ, 2013ರ ‘ತಲೈಮುರೈಗಳ್’ಗೂ ಸಂಗೀತ ಇಳಯರಾಜ ಅವರದ್ದೇ. ಮತ ಹಾಕಿದವರು, ಮತ ತಪ್ಪಿಸಿಕೊಂಡವರು ಇಬ್ಬರೂ ಜೊತೆಯಲ್ಲೇ ಉಳಿದರು. ಆ ಒಂದು ಮತ ಹಿಡಿದುಕೊಂಡು ಇವತ್ತಿಗೂ ಕಾದಾಡುತ್ತಿರುವವರು ಅಭಿಮಾನಿಗಳು ಮಾತ್ರ.

‘ರೋಜಾ’ದ ಜೊತೆ ಬದಲಾದದ್ದು ಬರೀ ಸಂಗೀತ ನಿರ್ದೇಶಕರ ಹೆಸರಲ್ಲ, ಹಾಡು ತಯಾರಾಗುವ ಜಾಗ. ರೆಹಮಾನ್ ತಮ್ಮ ಮನೆಯ ಸ್ಟುಡಿಯೋದಲ್ಲಿ, ಕಂಪ್ಯೂಟರ್ ಮುಂದೆ, ರಾತ್ರಿಯೆಲ್ಲಾ ಕೂತು, ಒಂದೊಂದೇ ಪದರವನ್ನು ಹಾಕುತ್ತಾ, ತೆಗೆಯುತ್ತಾ ಹಾಡು ಕಟ್ಟಿದರು. ಆ ಶಬ್ದದ ಸ್ವಚ್ಛತೆ ಹೊಸದು. ಕ್ಯಾಸೆಟ್ ಹೋಗಿ ಸಿಡಿ ಬರುತ್ತಿದ್ದ ಕಾಲ, ಕಾರಿನಲ್ಲಿ ಸ್ಪೀಕರ್ ಹಾಕಿಸಿಕೊಳ್ಳುವ ಕಾಲ. ನಿರ್ಮಾಪಕರಿಗೆಲ್ಲಾ ಅದೇ ಶಬ್ದ ಬೇಕಾಯಿತು. ಒಂದು ಕೀಬೋರ್ಡಿನಲ್ಲಿ ವಯಲಿನ್ ಸದ್ದೂ ಬರುತ್ತೆ, ಕೊಳಲಿನ ಸದ್ದೂ ಬರುತ್ತೆ ಅಂದಮೇಲೆ ಮೂವತ್ತು ಜನ ವಯಲಿನ್ ವಾದಕರನ್ನು ಕರೆದು ಊಟ, ಬಾಟಾ ಕೊಡುವವರು ಯಾರು? ಕೋಡಂಬಾಕಂನಲ್ಲಿ ಎಷ್ಟೋ ವಾದಕರ ಕೆಲಸ ಹೋಯಿತು. ಮದುವೆ ಕಛೇರಿಗೆ, ಮಕ್ಕಳಿಗೆ ಪಾಠ ಹೇಳುವುದಕ್ಕೆ ಹೋದರು. ಅಭಿಮಾನಿಗಳ ಜಗಳದಲ್ಲಿ ಇವರ ಹೆಸರು ಬರುವುದೇ ಇಲ್ಲ. ‘ಹೊಸ ರಾಜಾ ಹಾಡಿನಲ್ಲಿ ಆ ಹಳೇ ರುಚಿ ಇಲ್ಲ’ ಅಂತ ಗೊಣಗುತ್ತಾರಲ್ಲ, ಆ ರುಚಿ ಈ ಜನರ ಬೆರಳಲ್ಲಿತ್ತು ಅನ್ನುವುದು ನನ್ನ ವಾದ.

ಇನ್ನೊಂದು ಮೋಸವಿದೆ. ಇದು ನೆನಪಿನ ಮೋಸ. ವರ್ಷಕ್ಕೆ ನಲವತ್ತು ಚಿತ್ರ, ಚಿತ್ರಕ್ಕೆ ಐದು ಹಾಡು ಅಂದುಕೊಂಡರೂ ಇನ್ನೂರು ಹಾಡಾಯಿತು. ಅದರಲ್ಲಿ ಇವತ್ತು ನಿಮಗೆ ನೆನಪಿರುವುದು ಎಷ್ಟು? ಹತ್ತು? ಹದಿನೈದು? ಉಳಿದವು ಎಲ್ಲಿ ಹೋದವು? ಕಾಲ ಜರಡಿ ಹಿಡಿದಿದೆ, ಕಲ್ಲು-ಹೊಟ್ಟು ಕೆಳಗೆ ಬಿದ್ದು ಅಕ್ಕಿ ಮಾತ್ರ ಮೇಲುಳಿದಿದೆ. ಮೊನ್ನೆ ಬಂದ ಆಲ್ಬಮ್ಮಿಗೆ ಆ ಜರಡಿ ಇನ್ನೂ ಹಿಡಿದಿಲ್ಲ. ನಲವತ್ತು ವರ್ಷ ಸೋಸಿದ ಅಕ್ಕಿಯನ್ನೂ ನಿನ್ನೆ ಗದ್ದೆಯಿಂದ ತಂದ ಭತ್ತವನ್ನೂ ಪಕ್ಕಪಕ್ಕ ಇಟ್ಟು ಯಾವುದು ಬೆಳ್ಳಗಿದೆ ಅಂತ ಕೇಳಿದರೆ ಹೇಗೆ? ತಮಾಷೆ ಅಂದ್ರೆ, ‘ರೋಜಾ’ ಕೇಳಿ ಬೆಳೆದ ಪೀಳಿಗೆಗೂ ಈಗ ವಯಸ್ಸಾಗಿದೆ. ಅವರೀಗ ಹೇಳುವುದೇನು? ‘ಹಳೇ ರೆಹಮಾನ್ ಹಾಗಿಲ್ಲ ಕಣ್ರೀ!’

ಇಷ್ಟು ಹೇಳಿದೆ ಅಂತ 1992ರ ನಂತರದ್ದೆಲ್ಲಾ ಬಂಗಾರ ಅಂತ ಹೊರಟರೆ ಅದೂ ಸುಳ್ಳು. ತೊಂಬತ್ತರ ದಶಕದ ಮಧ್ಯದಲ್ಲಿ ಬಂದ ಎಷ್ಟೋ ಆಲ್ಬಮ್‌ಗಳಲ್ಲಿ ತಮ್ಮದಲ್ಲದ ಶಬ್ದವನ್ನು ಬೆನ್ನಟ್ಟಿದ ಆಯಾಸ ಕೇಳಿಸುತ್ತೆ. ಎಂಬತ್ತರ ದಶಕದ ಮಧ್ಯದಲ್ಲಿ ಕವಿ ವೈರಮುತ್ತು ದೂರವಾದ ಮೇಲೆ ಸಾಹಿತ್ಯದ ತೂಕ ಇಳಿಯಿತು ಅನ್ನುವವರ ಮಾತಿನಲ್ಲೂ ಹುರುಳಿದೆ. ಬಂದ ನಿರ್ದೇಶಕರಲ್ಲಿ ಅನೇಕರು ‘ರಾಜಾ ಸರ್, ನಿಮ್ಮ ಆ ಹಾಡಿನ ಥರ ಒಂದು ಕೊಡಿ’ ಅಂತ ಕೇಳಿದವರು. ಹಳೆಯದನ್ನೇ ಕೇಳಿದರೆ ಹಳೆಯದೇ ಸಿಗುತ್ತೆ, ಸ್ವಲ್ಪ ಮಸುಕಾಗಿ.

ಆದರೆ ‘ಆಮೇಲೆ ಹಾಡೇ ಇಲ್ಲ’ ಅನ್ನುತ್ತೀರಲ್ಲ, ಅದಕ್ಕೆ ಎರಡು ದಾಖಲೆ ಇಡ್ತೀನಿ. 2000ದ ಸಾಲಿನ ರಾಷ್ಟ್ರಪ್ರಶಸ್ತಿಯಲ್ಲಿ ಅತ್ಯುತ್ತಮ ಗಾಯಕಿ ಭವತಾರಿಣಿ, ಚಿತ್ರ ‘ಭಾರತಿ’. ಮುಂದಿನ ಸಾಲಿನಲ್ಲಿ ಸಾಧನಾ ಸರ್ಗಮ್, ಚಿತ್ರ ‘ಅಳಗಿ’. ಎರಡೂ ಹಾಡಿನ ಸಂಗೀತ ಇಳಯರಾಜ. ಸತತ ಎರಡು ವರ್ಷ! ಭವತಾರಿಣಿ ಅವರ ಮಗಳು. 2024ರ ಜನವರಿಯಲ್ಲಿ ತೀರಿಕೊಂಡರು.

‘ಹೇ ರಾಮ್’ ಕಥೆಯಂತೂ ಕೇಳಲೇಬೇಕು. 2000ದಲ್ಲಿ ಬಂದ ಕಮಲ್‌ಹಾಸನ್ ಚಿತ್ರ. ಮೊದಲು ಸಂಗೀತ ಮಾಡಿದ್ದು ಪ್ರಸಿದ್ಧ ವಯಲಿನ್ ವಾದಕ ಎಲ್. ಸುಬ್ರಮಣ್ಯಂ. ಹಾಡುಗಳ ಚಿತ್ರೀಕರಣ ಮುಗಿದಿತ್ತು. ಆಮೇಲೆ ಅವರು ಚಿತ್ರದಿಂದ ಹೊರಬಂದರು, ಆ ಹಾಡುಗಳನ್ನು ಬಳಸುವ ಹಾಗಿರಲಿಲ್ಲ. ಮತ್ತೆ ಚಿತ್ರೀಕರಿಸಲು ಹಣ ಎಲ್ಲಿಂದ? ಇಳಯರಾಜ ಅವರು ಪರದೆಯ ಮೇಲೆ ನಟರ ತುಟಿ ಆಡುವುದನ್ನು ನೋಡಿ, ಆ ತುಟಿ ಚಲನೆಗೆ ಸರಿಹೊಂದುವ ಹಾಗೆ ಪೂರ್ತಿ ಹೊಸ ಹಾಡು ಕಟ್ಟಿಕೊಟ್ಟರು. ಚಿತ್ರ ನೋಡಿದವರಿಗೆ ಇದು ಬೇರೊಂದು ರಾಗಕ್ಕೆ ಚಿತ್ರೀಕರಿಸಿದ ಹಾಡು ಅಂತ ಅನುಮಾನವೂ ಬರುವುದಿಲ್ಲ. ಸಾಮರ್ಥ್ಯ ಬತ್ತಿಹೋದ ಮನುಷ್ಯ ಮಾಡುವ ಕೆಲಸವೇ ಇದು?

ಕನ್ನಡಿಗರಿಗೆ ಇನ್ನೊಂದು ತಕರಾರು. 2007ರಲ್ಲಿ ಆರ್. ಬಾಲ್ಕಿ ‘ಚೀನಿ ಕಮ್’ ಮಾಡಿದಾಗ ನಮ್ಮ ‘ಗೀತಾ’ ಚಿತ್ರದ ರಾಗವೇ ಹಿಂದಿಯಲ್ಲಿ ಬಂತು. ‘ಹೊಸದು ಇಲ್ಲ, ಹಳೇ ಸರಕನ್ನೇ ಮಾರ್ತಿದ್ದಾರೆ’ ಅಂದರು ಕೆಲವರು. ‘ಶಂಕರ್‌ನಾಗ್ ಹಾಡು ಅಮಿತಾಭ್‌ಗೆ ಹೋಯ್ತು’ ಅಂತ ಹೆಮ್ಮೆಪಟ್ಟರು ಇನ್ನು ಕೆಲವರು. ನಾನು ಎರಡನೇ ಗುಂಪಿನವನು, ಮುಚ್ಚುಮರೆ ಯಾಕೆ? ಆದರೆ ಅದನ್ನು ‘ಹೊಸ ರಾಜಾ’ ಲೆಕ್ಕಕ್ಕೆ ಹಾಕುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಅಭಿಮಾನಿಗಳು ಅತಿ ಹೆಚ್ಚು ಬಡಿದಾಡಿಕೊಂಡದ್ದು 2012ರಲ್ಲಿ, ಗೌತಮ್ ಮೆನನ್ ಅವರ ‘ನೀ ದಾನೇ ಎನ್ ಪೊನ್‌ವಸಂತಂ’ ಆಲ್ಬಮ್ಮಿಗೆ. ಎಂಟು ಹಾಡು. ಬುಡಾಪೆಸ್ಟಿನ ಆರ್ಕೆಸ್ಟ್ರಾ. ಹೊಸ ಕಾಲದ ನಿರ್ದೇಶಕ, ಕಾಲೇಜು ಹುಡುಗರ ಪ್ರೇಮಕಥೆ. ‘ರಾಜಾ ಮರಳಿ ಬಂದರು’ ಅಂತ ಒಂದು ಪಾಳಯ. ‘ಇದೇನು ಗಲಾಟೆ, ಹಾಡುವ ಹಾಗೇ ಇಲ್ಲ’ ಅಂತ ಇನ್ನೊಂದು. ಈಗ ಹತ್ತು ವರ್ಷ ದಾಟಿದ ಮೇಲೆ ಮತ್ತೆ ಕೇಳಿದೆ. ನನ್ನ ತೀರ್ಪು: ಮೂರು ಹಾಡು ಅವರ ಯಾವ ಕಾಲದ ಹಾಡಿನ ಪಕ್ಕದಲ್ಲೂ ನಿಲ್ಲುತ್ತವೆ, ಎರಡರಲ್ಲಿ ಗಿಟಾರ್ ಅಬ್ಬರ ಜಾಸ್ತಿಯಾಗಿದೆ, ಉಳಿದವು ಸಾಧಾರಣ. 1984ರ ಒಂದು ಆಲ್ಬಮ್ಮಿನಲ್ಲಿ ಮೂರು ಒಳ್ಳೆಯ ಹಾಡು ಸಿಕ್ಕಿದ್ದರೆ ನಾವು ಅಂಗಡಿಗೆ ಹೋಗಿ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಬರ್ತಿದ್ದೆವು, ಉಳಿದದ್ದರ ಸುದ್ದಿಗೇ ಹೋಗ್ತಿರಲಿಲ್ಲ.

ಈ ಇಡೀ ಜಗಳ ತಪ್ಪಿದ ಜಾಗವನ್ನು ಈಗ ಹೇಳ್ತೀನಿ. ಎಲ್ಲರೂ ಹಾಡುಗಳನ್ನು ಎಣಿಸುತ್ತಾ ಕೂತಿದ್ದಾರೆ. ಇಳಯರಾಜ ಅವರಿಗೆ ಸಂಗೀತ ನಿರ್ದೇಶನಕ್ಕೆ ಬಂದ ರಾಷ್ಟ್ರಪ್ರಶಸ್ತಿ ಐದು. ಮೊದಲ ಮೂರು ‘ಸಾಗರ ಸಂಗಮಂ’, ‘ಸಿಂಧು ಭೈರವಿ’, ‘ರುದ್ರವೀಣ’. 1983, 1985, 1988. ಇವು ನಮ್ಮ ಚೀಟಿಯಲ್ಲಿರುವ ಕಾಲ. ಆಮೇಲೆ ಇಪ್ಪತ್ತು ವರ್ಷ ಇಲ್ಲ. ನಂತರದ ಎರಡು 2009ರ ಮಲಯಾಳಂ ‘ಪಳಶ್ಶಿರಾಜ’ಕ್ಕೆ, ಮತ್ತು 2015ರ ಸಾಲಿನಲ್ಲಿ ‘ತಾರೈ ತಪ್ಪಟ್ಟೈ’ಗೆ. ಈ ಎರಡೂ ಬಂದದ್ದು ಹಾಡಿಗಲ್ಲ. ಹಿನ್ನೆಲೆ ಸಂಗೀತಕ್ಕೆ!

ಹಿನ್ನೆಲೆ ಸಂಗೀತ ಅಂದ್ರೆ ಏನು ಅಂತ ನಮ್ಮ ಟಿವಿ ಪ್ರಪಂಚವನ್ನು ಕೇಳಬೇಡಿ. ಕಾರು ಗುಂಡಿಗೆ ಬಿದ್ದರೂ ಡಮಾರ್, ಮಂತ್ರಿ ಕೆಮ್ಮಿದರೂ ಡಮಾರ್. ಇಳಯರಾಜ ಅವರ ಹಿನ್ನೆಲೆ ಸಂಗೀತದ ಗುಟ್ಟು ಇದರ ತದ್ವಿರುದ್ಧ. ರೀಲನ್ನು ಒಂದು ಸಲ ನೋಡುತ್ತಾರೆ, ಬರೆಯಲು ಕೂರುತ್ತಾರೆ. ಎಲ್ಲಿ ಬಾರಿಸಬೇಕು ಅನ್ನುವುದಕ್ಕಿಂತ ಎಲ್ಲಿ ಸುಮ್ಮನಿರಬೇಕು ಅನ್ನುವುದು ಅವರಿಗೆ ಗೊತ್ತು. ಬಾಲಾ ನಿರ್ದೇಶನದ ‘ಪಿತಾಮಗನ್’, ‘ನಾನ್ ಕಡವುಳ್’ ನೋಡಿ. ಸಂಭಾಷಣೆ ನಿಂತಲ್ಲಿ ಒಂದು ವಯಲಿನ್ ಎದ್ದು ಬರುತ್ತೆ, ಪಾತ್ರ ಹೇಳಲಾಗದ್ದನ್ನು ಅದು ಹೇಳುತ್ತೆ. ಎಂಬತ್ತರ ದಶಕದಲ್ಲೂ ಅವರು ಇದನ್ನು ಮಾಡಿದ್ದರು, ನಿಜ. ಆಗ ಹಾಡುಗಳ ಗದ್ದಲದಲ್ಲಿ ನಮಗೆ ಕೇಳಿಸಲಿಲ್ಲ. ಹಾಡಿನ ಬೇಡಿಕೆ ಇಳಿದ ಮೇಲೆ ಅದೇ ಮುಂದೆ ಬಂತು.

ಮುಂದೆ ಬಂತು ಅನ್ನುವುದು ಬರೀ ಮಾತಿಗಲ್ಲ. 2013ರಲ್ಲಿ ಮಿಷ್ಕಿನ್ ‘ಓನಾಯುಂ ಆಟ್ಟುಕ್ಕುಟ್ಟಿಯುಂ’ ಎಂಬ ಚಿತ್ರ ಮಾಡಿದರು. ತೋಳ ಮತ್ತು ಕುರಿಮರಿ ಅಂತ ಅರ್ಥ. ಒಂದೇ ರಾತ್ರಿ ನಡೆಯುವ ಬೇಟೆಯ ಕಥೆ. ಹಾಡು ಎಷ್ಟು? ಸೊನ್ನೆ. ಇಳಯರಾಜ ಅವರನ್ನು ಕರೆದು ಒಂದೂ ಹಾಡು ಮಾಡಿಸದ ಧೈರ್ಯ ನೋಡಿ! ಟೈಟಲ್ ಕಾರ್ಡಿನಲ್ಲಿ ‘ಹಿನ್ನೆಲೆ ಸಂಗೀತ’ ಅಂತ ಹಾಕಲಿಲ್ಲ, ‘ಮುನ್ನೆಲೆ ಸಂಗೀತ: ಇಳಯರಾಜ’ ಅನ್ನುವ ಅರ್ಥದಲ್ಲಿ ಹಾಕಿದರು. ನೆನಪಿಡಿ, ಆಗ ಅವರಿಗೆ ಎಪ್ಪತ್ತು ವರ್ಷ. ನಿರ್ಜನ ರಸ್ತೆ, ಓಡುವ ಕಾಲುಗಳು, ತಂತಿವಾದ್ಯಗಳು. ಹಾಡಿಲ್ಲದ ಈ ಚಿತ್ರವನ್ನು ‘ಕೊನೇ ಒಳ್ಳೇ ಆಲ್ಬಮ್ ಯಾವುದು’ ಅನ್ನುವ ಪಟ್ಟಿಯಲ್ಲಿ ಹೇಗೆ ಸೇರಿಸ್ತೀರಿ? ಸೇರಿಸುವ ಕಾಲಂ ಇಲ್ಲ. ಕಾಲಂ ಇಲ್ಲ ಅಂದಮೇಲೆ ಲೆಕ್ಕಕ್ಕೂ ಇಲ್ಲ. ಹತ್ತು ಹಾಡಿನ ಚೀಟಿ ಬರೆಯಿರಿ ಅಂದೆನಲ್ಲ, ಆ ಚೀಟಿಯ ತೊಂದರೆ ಇದೇ.

ಇದೇ ಕಾರಣಕ್ಕೆ ವೆಟ್ರಿಮಾರನ್‌ಗೆ 2023ರ ‘ವಿಡುದಲೈ’ಗೆ ಇವರು ಬೇಕಾದರು. ನಮ್ಮ ನ್ಯೂಸ್ ರೂಮಿನ ಆ ಹುಡುಗನಿಗೆ ಎಂಬತ್ತರ ಹಾಡುಗಳು ಅಪ್ಪನ ಕಾಲದವು. ಅವನು ಇಳಯರಾಜ ಅವರನ್ನು ಕಂಡದ್ದೇ ಈ ಬಾಗಿಲಿನಿಂದ. ಅವನ ಚೀಟಿ ಬೇರೆ.

ಸಿನಿಮಾ ಬಿಟ್ಟು ಹೊರಗಿನ ಆಲ್ಬಮ್‌ಗಳ ಕಥೆ ಇನ್ನೂ ವಿಚಿತ್ರ. 1986ರ ‘ಹೌ ಟು ನೇಮ್ ಇಟ್’ ತ್ಯಾಗರಾಜರಿಗೂ ಬಾಖ್‌ಗೂ ಅರ್ಪಿಸಿದ್ದು. 1988ರ ‘ನಥಿಂಗ್ ಬಟ್ ವಿಂಡ್’ ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲಿನ ಜೊತೆ. 2005ರಲ್ಲಿ ಮಾಣಿಕ್ಕವಾಚಕರ ‘ತಿರುವಾಸಗಂ’ ಬುಡಾಪೆಸ್ಟ್ ಆರ್ಕೆಸ್ಟ್ರಾದೊಂದಿಗೆ ಬಂತು. ಶೈವ ಭಕ್ತಿಯ ಸಾಲುಗಳ ನಡುವೆ ಇಂಗ್ಲಿಷ್ ಸಾಹಿತ್ಯವೂ ಬಂದದ್ದು ಕೆಲವರಿಗೆ ರುಚಿಸಲಿಲ್ಲ. ಆಗಲೂ ಜಗಳ. 2025ರ ಸಿಂಫನಿಗೂ ಜಗಳ: ಇದು ನಿಜವಾದ ಸಿಂಫನಿಯೋ, ಸಿನಿಮಾ ಸಂಗೀತವೋ ಅಂತ.

ಈ ಕೊನೆಯ ಜಗಳಕ್ಕೆ ಒಂದು ಸಾಕ್ಷಿ ಬೇಕಿತ್ತು. ಅದು ಸಿಗುತ್ತಿಲ್ಲ. 1993ರಲ್ಲಿ, ಅಂದ್ರೆ ‘ರೋಜಾ’ ಬಂದ ಮರುವರ್ಷ, ಇಳಯರಾಜ ಲಂಡನ್ನಿಗೆ ಹೋಗಿ ರಾಯಲ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾಗೆ ಒಂದು ಸಿಂಫನಿ ಬರೆದುಕೊಟ್ಟರು. ಜಾನ್ ಸ್ಕಾಟ್ ನಿರ್ದೇಶನದಲ್ಲಿ ಅದರ ಧ್ವನಿಮುದ್ರಣವೂ ಆಯಿತು. ಚೆನ್ನೈಯಲ್ಲಿ ‘ರಾಜಾ ಕಾಲ ಮುಗೀತು’ ಅಂತ ಜನ ಮಾತಾಡಿಕೊಳ್ಳುತ್ತಿದ್ದ ದಿನಗಳಲ್ಲೇ ಅವರು ಏನು ಬರೆಯುತ್ತಿದ್ದರು ಅನ್ನುವುದು ಆ ಧ್ವನಿಮುದ್ರಣದಲ್ಲಿದೆ. ಹಳೇ ರಾಜಾ, ಹೊಸ ರಾಜಾ ಇಬ್ಬರ ನಡುವೆ ಸರಿಯಾಗಿ ಕೂರುವ ಕೃತಿ ಅದೊಂದೇ. ಅದು ಇಲ್ಲಿಯವರೆಗೆ ಬಿಡುಗಡೆಯಾಗಿಲ್ಲ.